ಯಜಮಾನರು ತಾವೇ ಉಣ್ಣುತ್ತಾರೆ

ಗಂಗಾವತಿ
22 ನವೆಂಬರ್ 1998

ಅತ್ತೆಯವರಿಗೆ ಸೊಸೆ ಲಲಿತಾಳ ನಮಸ್ಕಾರಗಳು.

ಮನೆ ಸಿಕ್ಕಿತು. ಒಂದು ಕೋಣೆ, ಮುಂದೆ ಪಡಸಾಲೆ, ಹಿತ್ತಲಲ್ಲಿ ನಲ್ಲಿ. ನಮ್ಮ ಗೋಡೆಗೆ ಹಚ್ಚಿ ಮಕ್ಬುಲಸಾಬರ ಮನೆ ಇದೆ. ಅವರದು ಸೈಕಲ್ ಅಂಗಡಿ. ಅವರ ಹೆಂಡತಿ ಮೆಹರುನಬಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ನಾನು ಶಾಲೆಗೆ ಹೋದಾಗ ಕೂಸು ದುರುಗಪ್ಪನನ್ನು ಅವರು ನೋಡಿಕೊಳ್ಳುತ್ತಾರೆ. ಶಾಲೆ ಕಾಲುವೆಯ ಆಚೆ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನಲ್ಲಿದೆ. ಒಂದನೇ ತರಗತಿಯ ಅರ್ಧ ಮಕ್ಕಳು ಮನೆಯಲ್ಲಿ ತೆಲುಗು ಆಡುವವರು. ನಾನು ಅವರಿಗೆ ಕನ್ನಡ ಕಲಿಸುವ ಮೊದಲೇ ಅವರು ನನಗೆ ತೆಲುಗು ಕಲಿಸಿಬಿಡುವಂತೆ ಕಾಣುತ್ತದೆ.

ನಿಮ್ಮ ಮಗ ಮೊನ್ನೆ ಫೋನ್ ಮಾಡಿದ್ದರು. ಬೋರ್‌ವೆಲ್ ಲಾರಿ ಈಗ ರಾಯಪುರದ ಕಡೆ ಇದೆಯಂತೆ. ಬೇಸಿಗೆ ಮುಗಿಯುವವರೆಗೆ ಬರಲು ಆಗುವುದಿಲ್ಲವೆಂದರು.

ಒಂದು ಸಣ್ಣ ತಕರಾರು ಗಂಜಿಯದು. ಕೂಸಿಗೆ ಆರು ತಿಂಗಳು ತುಂಬಿತು. ನಾನು ಬೆಳಿಗ್ಗೆ ಹಾಲು ಕುಡಿಸಿ ಹೋದರೆ ಮತ್ತೆ ಕುಡಿಸುವುದು ಸಂಜೆಗೇ. ನಡುವೆ ಏನಾದರೂ ಹೊಟ್ಟೆಗೆ ಬೀಳಬೇಕು. ನೀವು ಕೊಟ್ಟ ಬೆಳ್ಳಿ ಒಳಲೆಯಲ್ಲಿ ಅಕ್ಕಿ ಗಂಜಿ ಹಾಕಿದರೆ ನಾಲಿಗೆಯಿಂದ ಹೊರಗೆ ನೂಕುತ್ತಾನೆ. ಚಮಚೆಯಿಂದ ಹಾಕಿದರೂ ಅಷ್ಟೇ. ರೂಢಿಯಾಗಬಹುದು. ನೀವು ಚಿಂತೆ ಮಾಡಬೇಡಿ.

ನಿಮ್ಮ
ಲಲಿತಾ

*

ತಾವರಗೇರಾ
30 ನವೆಂಬರ್ 1998

ಲಲಿತಾಗೆ ಗಾಳೆಮ್ಮನ ಆಶೀರ್ವಾದ.

ಚಿಂತೆ ಮಾಡಬೇಡಿ ಎಂದು ಬರೆದರೆ ಚಿಂತೆ ಮಾಡುವಂಥದ್ದು ಇದೆ ಎಂದೇ ಅರ್ಥ. ಏಳನೇ ಇಯತ್ತೆಯವರೆಗೆ ಓದಿದವಳಿಗೆ ಅಷ್ಟು ತಿಳಿಯುತ್ತದೆ.

ಮೊದಲು ಒಂದು ಮಾತು. ನೀನು ಕೂಸಿನ ಹೆಸರು ಬರೆದಿದ್ದೀ. ಬರೆಯಬೇಕಾದದ್ದೇ. ನನ್ನ ಬಾಯಲ್ಲಂತೂ ಆ ಹೆಸರು ಬಾರದು, ಕೈಯಲ್ಲಿಯೂ ಬಾರದು. ತೀರಿಕೊಂಡ ಅಜ್ಜನ ಹೆಸರು ಮೊಮ್ಮಗನಿಗೆ ಇಡುವಾಗ ಅಜ್ಜಿ ಅವನನ್ನು ಏನೆಂದು ಕರೆಯಬೇಕೆಂದು ನೀವು ಯಾರೂ ಯೋಚಿಸಲಿಲ್ಲ. ಆದ್ದರಿಂದ ನಾನು ಯಜಮಾನರು ಎಂದೇ ಬರೆಯುತ್ತೇನೆ.

ಯಜಮಾನರಿಗೆ ಗಂಜಿ ಕುಡಿಸುವ ರೀತಿ ನಿನಗೆ ತಿಳಿದಿಲ್ಲ. ಕಾಲು ಚಾಚಿ ಕುಳಿತು, ಕಾಲ ಮೇಲೆ ಅವರನ್ನು ಅಂಗಾತ ಮಲಗಿಸು. ಎರಡೂ ಕೈ ಒತ್ತಿ ಹಿಡಿ. ಒಳಲೆಯ ಮೂತಿಯನ್ನು ಬಾಯಿಯ ಬದಿಗೆ ಇಟ್ಟು ಸುರಿ. ಅತ್ತರೆ ಬಿಡಬೇಡ. ನಿನ್ನ ಗಂಡನನ್ನು ಹೀಗೆಯೇ ಬೆಳೆಸಿದ್ದು. ಇವತ್ತು ಅವನು ಭೂಮಿಗೆ ತೂತು ಹಾಕುತ್ತಿದ್ದಾನೆ.

ನೀನು ನೌಕರಿ ಬಿಡುವುದು ನನಗೆ ಬೇಡ. ನಮ್ಮ ಮನೆತನದಲ್ಲಿ ಹೆಣ್ಣುಮಗಳು ಸರ್ಕಾರಿ ಪಗಾರ ತೆಗೆದುಕೊಳ್ಳುತ್ತಿರುವುದು ನಿನ್ನಿಂದಲೇ ಶುರು. ಆದರೆ ನೌಕರಿಗಾಗಿ ಕೂಸು ಸೊರಗಬಾರದು. ಸಂಕ್ರಾಂತಿಗೆ ಬಾ. ಅಷ್ಟರಲ್ಲಿ ಯಜಮಾನರು ಮೈ ಹಿಡಿಯದಿದ್ದರೆ ಇಲ್ಲಿಯೇ ಬಿಟ್ಟು ಹೋಗು. ಮನೆಯಲ್ಲಿ ಎರಡು ಎಮ್ಮೆ ಹಿಂಡುತ್ತವೆ. ನಾನು ಸಾಕುತ್ತೇನೆ. ನೀನು ರವಿವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗು. ಇದು ಸಿಟ್ಟಿನ ಮಾತಲ್ಲ, ವಿಚಾರ ಮಾಡಿದ ಮಾತು.

ಪಕ್ಕದ ಮನೆಯ ಮಾರೆವ್ವನೂ ಇದನ್ನೇ ಹೇಳುತ್ತಾಳೆ. ಮೈದುನನ ಹೆಂಡತಿಯ ಮಾತು ನಾನು ಕೇಳುವುದು ಕಡಿಮೆ. ಈ ಸಲ ಕೇಳಿದ್ದೇನೆ.

ಗಾಳೆಮ್ಮ

*

ಗಂಗಾವತಿ
13 ಡಿಸೆಂಬರ್ 1998

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರ ಬಂದ ದಿನವೇ ನೀವು ಹೇಳಿದಂತೆ ಕಾಲ ಮೇಲೆ ಮಲಗಿಸಿ ಸುರಿದೆ. ಗಂಜಿ ಮೂಗಿಗೆ ಏರಿ ಅವನಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಮರುದಿನದಿಂದ ಒಳಲೆಯನ್ನು ಕಂಡರೇ ಬಾಯಿ ಮುಚ್ಚತೊಡಗಿದ. ಅಂಗನವಾಡಿಯಲ್ಲಿ ತೂಗಿದಾಗ ತೂಕ ಹಿಂದಿನ ತಿಂಗಳಿಗಿಂತ ಇಳಿದಿತ್ತು. ಹೆದರಿ ಇಲ್ಲಿಯ ಮಕ್ಕಳ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ವಯಸ್ಸಾದವರು. ಕೂಸು ಆಸರೆ ಇಲ್ಲದೆ ಕೂಡುತ್ತದೆಯೇ, ಕಂಡದ್ದನ್ನು ಹಿಡಿದು ಬಾಯಿಗೆ ಒಯ್ಯುತ್ತದೆಯೇ ಎಂದು ಕೇಳಿದರು. ಹೌದೆಂದೆ. ಮಲಗಿಸಿ ಸುರಿಯುವುದನ್ನು ಇವತ್ತಿಗೇ ಬಿಡಿ ಎಂದರು. ನೆಟ್ಟಗೆ ಕೂಡಿಸಿ, ಬೆರಳಿನಿಂದ ಒತ್ತಿದರೆ ಹಿಟ್ಟಾಗುವಷ್ಟು ಮೆತ್ತಗಿನ ಪದಾರ್ಥ ಮುಂದೆ ಇಟ್ಟು, ಪಕ್ಕದಲ್ಲೇ ಕುಳಿತು ನೋಡುತ್ತಿರಿ, ಎದೆಹಾಲು ಎಂದಿನಂತೆ ಇರಲಿ ಎಂದರು. ನಿಜ ಹೇಳಬೇಕೆಂದರೆ ನನಗೆ ನಂಬಿಕೆ ಬರಲಿಲ್ಲ. ಔಷಧ ಬರೆದುಕೊಡದ ಡಾಕ್ಟರನ್ನು ನಂಬುವುದು ಕಷ್ಟ.

ನಂಬಿಸಿದ್ದು ಕೂಸೇ. ಮರುದಿನ ಸಂಜೆ ನಾನು ಮನೆಗೆ ಬಂದಾಗ ಮೆಹರುನಬಿ ಉಣ್ಣಲು ಕುಳಿತಿದ್ದರು. ಅವನು ಅವರ ತೊಡೆಯ ಮೇಲೆ ಇದ್ದ. ಬೇಳೆಯಲ್ಲಿ ನೆನೆದ ರೊಟ್ಟಿಯ ಚೂರಿಗೆ ಕೈ ಹಾಕಿ ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಒತ್ತಿಕೊಂಡ. ಅರ್ಧ ಗದ್ದಕ್ಕೆ, ಅರ್ಧ ಬಾಯಿಗೆ. ಮೆಹರುನಬಿ ಕೈ ಎಳೆಯಲು ಹೋದರು. ನಾನು ತಡೆದೆ. ಅವನು ವಸಡಿನಿಂದ ಜಗಿದು, ತಡೆದು, ನುಂಗಿದ. ಆಮೇಲೆ ಮತ್ತೆ ತಟ್ಟೆಗೆ ಕೈ ಹಾಕಿದ.

ಈಗ ದಿನವೂ ಹೀಗೆಯೇ. ಬೇಯಿಸಿದ ಗೆಣಸು, ಕುಂಬಳಕಾಯಿ, ಬಾಳೆಹಣ್ಣು, ನೆನೆಸಿದ ರೊಟ್ಟಿ. ನಾನು ಬಾಯಿಗೆ ಹಿಡಿದರೆ ಈಗಲೂ ಮುಖ ತಿರುಗಿಸುತ್ತಾನೆ. ಮುಂದೆ ಇಟ್ಟರೆ ತಿನ್ನುತ್ತಾನೆ. ಚೆಲ್ಲುವುದೇ ಹೆಚ್ಚು, ಆದರೆ ಒಳಗೂ ಹೋಗುತ್ತಿದೆ.

ಒಂದು ದಿನ ಬೇಯಿಸಿದ ಗಜ್ಜರಿ ಚೂರು ಗಂಟಲ ಹತ್ತಿರ ಹೋಗಿ ಮುಖ ಕೆಂಪಾಗಿ ಗ್ವಾಕ್ ಎಂದ. ಮೆಹರುನಬಿ ಗಂಡನನ್ನು ಕೂಗಿದರು. ಮಕ್ಬುಲಸಾಬರು ಅಂಗಡಿಯಿಂದ ಗಾಳಿ ಪಂಪು ಹಿಡಿದುಕೊಂಡೇ ಓಡಿ ಬಂದರು. ಪಂಪಿನಿಂದ ಏನು ಮಾಡಬೇಕೆಂದಿದ್ದರೋ ಅವರಿಗೇ ಗೊತ್ತಿರಲಿಲ್ಲ. ಸಪ್ಪಳ ಬರುತ್ತಿದ್ದರೆ ಉಸಿರು ಇದೆ, ಆಗ ಬಾಯಿಗೆ ಬೆರಳು ಹಾಕಬೇಡಿ, ಸಪ್ಪಳವಿಲ್ಲದೆ ಒದ್ದಾಡಿದರೆ ಮಾತ್ರ ಬೋರಲು ಹಾಕಿ ಬೆನ್ನಿಗೆ ತಟ್ಟಿರಿ ಎಂದು ಡಾಕ್ಟರು ಹೇಳಿದ್ದರು. ನಾನು ಕೈ ಕಟ್ಟಿ ಕುಳಿತೆ. ಚೂರು ತಾನೇ ಹೊರಗೆ ಬಂತು. ಅವನು ಅದನ್ನು ಎತ್ತಿ ಮತ್ತೆ ಬಾಯಿಗೆ ಹಾಕಿಕೊಂಡ.

ನಿಮ್ಮ
ಲಲಿತಾ

*

ತಾವರಗೇರಾ
24 ಡಿಸೆಂಬರ್ 1998

ಲಲಿತಾಗೆ ಆಶೀರ್ವಾದ.

ನಿನ್ನ ಪತ್ರವನ್ನು ಕಟ್ಟೆಯ ಮೇಲೆ ಕುಳಿತು ಓದಿ ಹೇಳಿದೆ. ತಪ್ಪು ಮಾಡಿದೆ. ಓಣಿಯೆಲ್ಲ ಈಗ ಅದೇ ಮಾತು. ಮಾರೆವ್ವ ಹೇಳಿದ್ದು ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

"ಹಲ್ಲಿಲ್ಲದವಗ ರೊಟ್ಟಿ, ಕೂದಲಿಲ್ಲದವಗ ಹಣಗಿ. ನಿನ್ನ ಸೊಸಿ ಭಾಳ ಶ್ಯಾಣ್ಯಾಕಿ ಬಿಡಬೇ."

ನನಗೂ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಗಂಜಿ ಮೂಗಿಗೆ ಏರಿತು ಎಂಬ ಸಾಲನ್ನು ನಾನು ಮತ್ತೆ ಓದಿದೆ. ಅದು ನಾನು ಹೇಳಿಕೊಟ್ಟದ್ದು. ಒಳಲೆಯನ್ನು ಎತ್ತಿಡು.

ಒಣಗಿದ ಕಟಕ ರೊಟ್ಟಿ ಕೊಡಬೇಡ, ಚುಚ್ಚುತ್ತದೆ. ಹಂಚಿನ ಮೇಲಿನಿಂದ ತೆಗೆದ ಮೆತ್ತಗಿನ ರೊಟ್ಟಿಯನ್ನು ಹಾಲಿನಲ್ಲಿ ನೆನೆಸು. ಶೇಂಗಾ ಕಾಳು ಎಲ್ಲಿಯೂ ಅವರ ಕೈಗೆ ಸಿಗಬಾರದು.

ಬಲಗೈಯಲ್ಲಿ ಸರಿಯಾಗಿ ಹಿಡಿಯುತ್ತಾರೆಯೇ? ಹಿರಿಯ ಯಜಮಾನರು ಉಣ್ಣುವುದನ್ನು ನೋಡಲು ಚೆಂದ ಇತ್ತು. ಬೆರಳಿನ ಎರಡನೇ ಗೆಣ್ಣು ದಾಟಿ ಅನ್ನ ಹತ್ತುತ್ತಿರಲಿಲ್ಲ. ಸಂಕ್ರಾಂತಿಗೆ ಕರೆದುಕೊಂಡು ಬಾ. ಎಲ್ಲರ ಮುಂದೆ ಕೂಡಿಸಿ ಉಣ್ಣಲು ಬಿಡೋಣ. ಮಾರೆವ್ವನ ಬಾಯಿಯನ್ನು ಯಜಮಾನರೇ ಮುಚ್ಚಿಸಲಿ.

ಗಾಳೆಮ್ಮ

*

ಗಂಗಾವತಿ
10 ಜನವರಿ 1999

ಅತ್ತೆಯವರಿಗೆ ನಮಸ್ಕಾರ.

ಸಂಕ್ರಾಂತಿಗೆ ಬರಲು ಆಗುವುದಿಲ್ಲ. ಶಾಲೆಯಲ್ಲಿ ತಪಾಸಣೆ ಇದೆ. ಕೂಸಿಗೆ ಸ್ವಲ್ಪ ನೆಗಡಿಯೂ ಇದೆ. ಬಸ್ಸಿನ ಗಾಳಿಗೆ ಹೆಚ್ಚಾದೀತು.

ಉಣ್ಣುವುದು ಚೆನ್ನಾಗಿ ನಡೆದಿದೆ. ಎರಡೂ ಕೈ ಆಡಿಸುತ್ತಾನೆ. ನಿಮ್ಮ ಎಳ್ಳು ಹೋಳಿಗೆ ಈ ವರ್ಷ ತಪ್ಪಿತು.

ಮೊನ್ನೆ ಗೊಬ್ಬರ ಒಯ್ಯಲು ಬಂದಿದ್ದ ಮಾರೆವ್ವ ಚಿಕ್ಕತ್ತೆಯವರ ಮಗ ಬಾಲಪ್ಪ ನಮ್ಮ ಮನೆಗೂ ಬಂದು ಚಹಾ ಕುಡಿದು ಹೋದ. ಕೂಸು ಉಣ್ಣುವುದನ್ನು ನೋಡಿದ.

ನಿಮ್ಮ
ಲಲಿತಾ

*

ತಾವರಗೇರಾ
27 ಜನವರಿ 1999

ಲಲಿತಾಗೆ.

ಪತ್ರ ಮುಟ್ಟಿತು. ಬರದಿದ್ದರೆ ನಡೆಯುತ್ತದೆ. ಕೂಸನ್ನು ಈಗ ಇಲ್ಲಿಗೆ ಕರೆತರಬೇಡ. ಇಲ್ಲಿ ಬಿಡುವ ವಿಚಾರವೂ ಬೇಡ. ನಾನೂ ಅಲ್ಲಿಗೆ ಬರಲಾರೆ. ಕಾರಣ ಕೇಳಬೇಡ.

ಗಾಳೆಮ್ಮ

*

ಗಂಗಾವತಿ
7 ಫೆಬ್ರುವರಿ 1999

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಕೆಲವು ದಿನ ಉತ್ತರ ಬರೆಯಲು ಆಗಲಿಲ್ಲ. ಅಕ್ಷರ ಕೂಡ ನಿಮ್ಮದಲ್ಲವೆಂಬಂತೆ ಇತ್ತು. ಒಂದೊಂದು ಅಕ್ಷರವನ್ನೂ ಸಿಟ್ಟಿನಿಂದ ಒತ್ತಿ ಬರೆದಂತಿತ್ತು. ಯಜಮಾನರು ಎಂದು ಎಲ್ಲಿಯೂ ಬರೆದಿರಲಿಲ್ಲ.

ಬಾಲಪ್ಪ ಹೇಳಿರಬೇಕು. ನಾನೇ ಹೇಳಬೇಕಿತ್ತು. ಕೂಸು ಎಡಗೈಯಲ್ಲಿ ಉಣ್ಣುತ್ತದೆ.

ಮೊದಲ ದಿನ ಮೆಹರುನಬಿಯವರ ತಟ್ಟೆಗೆ ಹಾಕಿದ್ದೂ ಎಡಗೈಯನ್ನೇ. ಅವರು ಕೈ ಎಳೆಯಲು ಹೋದದ್ದು ಅದಕ್ಕಾಗಿ. ಅವರ ಮನೆಯಲ್ಲೂ ಎಡಗೈಯಲ್ಲಿ ಉಣ್ಣುವುದು ಸಲ್ಲದು, ನಮ್ಮ ಮನೆಯಲ್ಲೂ ಸಲ್ಲದು. ಬಲಗೈಗೆ ಕೊಟ್ಟರೆ ಒಂದು ಗಳಿಗೆ ಹಿಡಿದು ಎಡಗೈಗೆ ದಾಟಿಸಿಕೊಳ್ಳುತ್ತಾನೆ. ನಾವು ಬಾಯಿಗೆ ಹಾಕುತ್ತಿದ್ದರೆ ಇದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಅವನೇ ಉಣ್ಣುವುದರಿಂದ ಗೊತ್ತಾಯಿತು.

ಸಂಕ್ರಾಂತಿಗೆ ಬರದಿದ್ದುದಕ್ಕೆ ಕಾರಣ ತಪಾಸಣೆಯಲ್ಲ. ನಿಮ್ಮೆಲ್ಲರ ಮುಂದೆ ಅವನ ಎಡಗೈ ಕಾಣಬಾರದೆಂದು ಬರಲಿಲ್ಲ. ಅಷ್ಟೇ ಅಲ್ಲ. ನಮ್ಮ ಶಾಲೆಯ ಹಿರಿಯ ಅಕ್ಕೋರು ಹೇಳಿದರೆಂದು ಅವನ ಎಡಗೈಗೆ ಕಾಲುಚೀಲ ಹಾಕಿ ಮಣಿಕಟ್ಟಿಗೆ ದಾರ ಸುತ್ತಿದೆ. ಅವನು ಚೀಲ ಹಾಕಿದ ಕೈಯನ್ನು ನೋಡಿದ. ತಟ್ಟೆಯನ್ನು ನೋಡಿದ. ಅಳಲೂ ಇಲ್ಲ. ಸುಮ್ಮನೆ ಕುಳಿತ. ಮರುದಿನವೂ ಹಾಗೆಯೇ. ಬಲಗೈ ತಟ್ಟೆಗೆ ಹೋಗಲೇ ಇಲ್ಲ. ಎದೆಹಾಲು ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಚೀಲ ತೆಗೆದುಹಾಕಿದ್ದು ಮೆಹರುನಬಿ. "ಅಕ್ಕೋರ, ದೇವರು ಕೇಳಿದ್ರ ನನ್ನ ಹೆಸರು ಹೇಳ್ರಿ. ಕೂಸು ಮೊದಲು ಉಣ್ಲಿ" ಎಂದರು. ಚೀಲ ತೆಗೆದ ಕೂಡಲೇ ಇಡೀ ಗೆಣಸು ತಿಂದ. ಡಾಕ್ಟರಿಗೂ ಕೇಳಿದೆ. ಯಾವ ಕೈ ಎಂದು ಈಗಲೇ ಹೇಳಲು ಬಾರದು, ವರ್ಷ ಎರಡು ವರ್ಷ ಹೋಗಲಿ, ಎಡಗೈಯೇ ಆದರೂ ಅದು ರೋಗವಲ್ಲ ಎಂದರು.

ನಿಮ್ಮ ಮಗ ಫೋನಿನಲ್ಲಿ, ಅವ್ವ ಹೇಳಿದಂತೆ ಕೇಳು ಎಂದಿದ್ದಾರೆ. ನಾನು ಯಾವತ್ತೂ ನಿಮ್ಮ ಮಾತು ಮೀರಿಲ್ಲ. ಆದರೆ ಈ ಒಂದು ಮಾತು ಬರೆಯಲೇಬೇಕು. ಅವನ ಕೈಯನ್ನು ನಾನು ಮತ್ತೆ ಕಟ್ಟುವುದಿಲ್ಲ. ನಿಮ್ಮ ಮನೆಗೆ ಕರೆತರಬೇಡ ಎಂದರೆ ತರುವುದಿಲ್ಲ. ಸಿಟ್ಟು ನನ್ನ ಮೇಲೆ ಇರಲಿ. ಕೂಸಿನ ಮೇಲೆ ಬೇಡ.

ಲಲಿತಾ

*

ತಾವರಗೇರಾ
22 ಫೆಬ್ರುವರಿ 1999

ಲಲಿತಾಗೆ ಆಶೀರ್ವಾದ.

ಸಿಟ್ಟು ಎಂದು ಬರೆದಿದ್ದೀ. ಸಿಟ್ಟಿಲ್ಲ, ಮೂಳೆ ಮುರಿದಿದೆ.

ಸಂಕ್ರಾಂತಿಯ ಮರುದಿನ ಎಮ್ಮೆ ಮೈ ತೊಳೆಯುವಾಗ ಕಾಲು ಜಾರಿ ಬಲಗೈ ಮೇಲೆ ಬಿದ್ದೆ. ಕುಷ್ಟಗಿಗೆ ಒಯ್ದು ಮೊಣಕೈವರೆಗೆ ಸಿಮೆಂಟಿನ ಪಟ್ಟಿ ಹಾಕಿಸಿದರು. ಬೆರಳ ತುದಿ ಮಾತ್ರ ಹೊರಗಿದೆ. ಹೋದ ಪತ್ರ ಎಡಗೈಯಲ್ಲಿ ಬರೆದದ್ದು, ಈ ಪತ್ರವೂ ಅಷ್ಟೇ. ಅಂದು ಐದು ಸಾಲಿಗೆ ಅರ್ಧ ದಿನ ಹಿಡಿಯಿತು. ಈಗ ಕೈ ಸ್ವಲ್ಪ ಪಳಗಿದೆ. ಆದರೂ ಈ ಪತ್ರ ಶುರು ಮಾಡಿದ್ದು ನಾಲ್ಕು ದಿನದ ಹಿಂದೆ. ಯಜಮಾನರು ಎಂದು ಬರೆಯದಿದ್ದುದಕ್ಕೆ ಸಿಟ್ಟು ಕಾರಣವಲ್ಲ. ಅಕ್ಷರ ಹೆಚ್ಚು, ಅಷ್ಟೇ.

ನಿನಗೆ ತಿಳಿಸಲಿಲ್ಲ. ತಿಳಿಸಿದರೆ ನೀನು ರಜೆ ಹಾಕಿ ಓಡಿಬರುತ್ತಿದ್ದೆ. ಪ್ರೊಬೇಷನ್ ಮುಗಿಯುವವರೆಗೆ ಉದ್ದ ರಜೆ ಕೇಳಬಾರದೆಂದು ನೀನೇ ಹೇಳಿದ್ದೆ. ಮಗನಿಗೂ ತಿಳಿಸಬಾರದೆಂದು ಮಾರೆವ್ವನಿಗೆ ಆಣೆ ಹಾಕಿದ್ದೇನೆ. ಕೂಸನ್ನು ಕರೆತರಬೇಡ ಎಂದದ್ದೂ ಇದಕ್ಕೇ. ಒಂದೇ ಕೈಯಲ್ಲಿ ನನ್ನನ್ನೇ ನಾನು ನೋಡಿಕೊಳ್ಳಲಾರೆ, ಅವರನ್ನು ಹೇಗೆ ನೋಡಿಕೊಳ್ಳಲಿ?

ಬಾಲಪ್ಪ ಏನೂ ಹೇಳಿಲ್ಲ. ಅವನಿಗೆ ಎಡ ಬಲ ತಿಳಿಯುವಂತಿದ್ದರೆ ಟ್ರ್ಯಾಕ್ಟರನ್ನು ಹಳ್ಳಕ್ಕೆ ಇಳಿಸುತ್ತಿರಲಿಲ್ಲ. ಎಡಗೈಯ ಸಂಗತಿ ನನಗೆ ತಿಳಿದದ್ದು ನಿನ್ನ ಪತ್ರದಿಂದಲೇ.

ಆ ಪತ್ರ ಬರುವ ಹೊತ್ತಿಗೆ ನಾನು ಏನು ಮಾಡುತ್ತಿದ್ದೆ, ಕೇಳು. ಪಟ್ಟಿ ಹಾಕಿದ ದಿನದಿಂದ ನನಗೆ ಉಣ್ಣಿಸುವುದು ಮಾರೆವ್ವ. ಎರಡು ಹೊತ್ತೂ ತಪ್ಪದೆ ಬರುತ್ತಾಳೆ. ಪ್ರೀತಿಯಿಂದಲೇ ಉಣ್ಣಿಸುತ್ತಾಳೆ, ಅದರಲ್ಲಿ ಸುಳ್ಳಿಲ್ಲ. "ಯಕ್ಕಾ, ಬಾಯಿ ತಗಿ" ಎನ್ನುತ್ತಾಳೆ. ರೊಟ್ಟಿ ಬೇಕೋ, ಪಲ್ಯ ಬೇಕೋ ಕೇಳುವುದಿಲ್ಲ. ಒಂದು ತುತ್ತು ನುಂಗುವ ಮೊದಲೇ ಇನ್ನೊಂದು ಬಾಯಿಯ ಮುಂದೆ ನಿಂತಿರುತ್ತದೆ. ಅವಳ ಕಣ್ಣು ಬೀದಿಯ ಮೇಲೆ, ಮಾತು ಬೀದಿಯವರ ಸಂಗಡ, ಕೈ ನನ್ನ ಬಾಯಿಯಲ್ಲಿ. ಗದ್ದಕ್ಕೆ ಸಾರು ಇಳಿದರೆ ಹೆಬ್ಬೆರಳಿನಿಂದ ಕೆರೆದು ಅದನ್ನೂ ಬಾಯಿಗೇ ತುರುಕುತ್ತಾಳೆ. ಮೂರನೇ ದಿನಕ್ಕೆ ನಾನು ಬಾಯಿ ಮುಚ್ಚಿದೆ. ಹಸಿವಿಲ್ಲ ಎಂದೆ. ಹಸಿವು ಇತ್ತು.

ಅವಳು ಹೊಲಕ್ಕೆ ಹೋದ ಮೇಲೆ ಬಾಗಿಲು ಮುಂದೆ ಮಾಡಿ ಎಡಗೈಯಲ್ಲಿ ಉಂಡೆ. ರೊಟ್ಟಿ ಮುರಿಯಲು ಒಂದೇ ಕೈ ಸಾಲದು. ಹಾಲಿನಲ್ಲಿ ನೆನೆಸಿದೆ. ಅರ್ಧ ಸೀರೆಗೆ ಚೆಲ್ಲಿತು. ಆದರೆ ಅಂದು ಊಟದ ರುಚಿ ತಿಳಿಯಿತು. ಆವತ್ತಿನಿಂದ ಕದ್ದು ಹೀಗೆಯೇ ಉಣ್ಣುತ್ತಿದ್ದೇನೆ. ಅಂಥ ಒಂದು ಊಟದ ನಡುವೆ ಅಂಚೆಯವನು ನಿನ್ನ ಪತ್ರ ತಂದ. ಎಡಗೈ ತೊಳೆದುಕೊಂಡು, ಎಡಗೈಯಲ್ಲೇ ಒಡೆದು, ಎಡಗೈಯಲ್ಲಿ ಉಣ್ಣುವ ಮೊಮ್ಮಗನ ಸುದ್ದಿ ಓದಿದೆ.

ಕಾಲುಚೀಲದ ಸಾಲು ಓದಿ ತಟ್ಟೆ ಸರಿಸಿದೆ. ನನ್ನ ಎಡಗೈಯನ್ನೂ ಕಟ್ಟಿದ್ದರೆ ನಾನೂ ಹಾಗೆಯೇ ಸುಮ್ಮನೆ ಕುಳಿತಿರುತ್ತಿದ್ದೆ.

ದೇವರ ಎಡೆ ಮುಟ್ಟುವಾಗ ಬಲಗೈ ಎಂಬುದನ್ನು ಅವರಿಗೆ ತಿಳಿವಳಿಕೆ ಬಂದ ಮೇಲೆ ಹೇಳಿಕೊಡೋಣ. ಅದು ಮುಂದಿನ ಮಾತು. ಈಗ ಉಣ್ಣಲಿ. ಪಟ್ಟಿ ಬರುವ ವಾರ ಬಿಚ್ಚುತ್ತಾರೆ.

ಗಾಳೆಮ್ಮ

*

ಗಂಗಾವತಿ
28 ಫೆಬ್ರುವರಿ 1999

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಮೆಹರುನಬಿಗೆ ಓದಿ ಹೇಳಿದೆ. ಇಬ್ಬರೂ ನಕ್ಕೆವು, ಆಮೇಲೆ ಇಬ್ಬರೂ ಅತ್ತೆವು. ನೋವು ಎಷ್ಟಿದೆ ಎಂದು ನೀವು ಬರೆದೇ ಇಲ್ಲ.

ಈಗ ನಾನೇ ಒಂದು ಕೇಳಬೇಕಾಗಿದೆ. ಹೊಸ ಶಿಕ್ಷಕರಿಗೆಲ್ಲ ಮಾರ್ಚ್ ಎಂಟರಿಂದ ಆರು ದಿನ ಕೊಪ್ಪಳದಲ್ಲಿ ತರಬೇತಿ ಇಟ್ಟಿದ್ದಾರೆ. ತಪ್ಪಿಸಿದರೆ ಪ್ರೊಬೇಷನ್ ಮುಂದೆ ಹೋಗುತ್ತದೆ. ಕೂಸನ್ನು ಒಯ್ಯುವಂತಿಲ್ಲ. ನಾನು ಭಾಗ್ಯನಗರದಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತೇನೆ. ಅಲ್ಲಿ ಆಗಲೇ ಎರಡು ಎಳೆ ಮಕ್ಕಳಿವೆ. ಮೆಹರುನಬಿ ಅದೇ ವಾರ ತಂಗಿ ಗುಲ್ಶನಳ ಮದುವೆಗೆ ಸಿಂಧನೂರಿಗೆ ಹೋಗುತ್ತಾರೆ.

ಕೂಸಿಗೆ ಈಗ ಹತ್ತನೇ ತಿಂಗಳು. ಆದರೆ ಒಂದು ದಿನವೂ ನನ್ನನ್ನು ಬಿಟ್ಟು ಮಲಗಿಲ್ಲ. ಎದೆಹಾಲು ಇಲ್ಲದೆ, ತನ್ನ ಕೈಯ ಊಟದ ಮೇಲೆ ಅಷ್ಟು ದಿನ ಇರುತ್ತಾನೆಯೇ ಎಂಬುದು ನನಗೂ ಗೊತ್ತಿಲ್ಲ. ಇರದಿದ್ದರೆ ನಾನು ಈ ನೌಕರಿಯನ್ನು ಹೇಗೆ ಮಾಡಬೇಕೆಂಬುದೂ ಗೊತ್ತಿಲ್ಲ. ಕೈ ನಿಮ್ಮದು. ಆಗುತ್ತದೆ ಎಂದರೆ ಮಾತ್ರ ಹೂಂ ಎನ್ನಿ. ಹೂಂ ಎಂದರೆ ಏಳರಂದು ನಾನೇ ತಂದು ಬಿಟ್ಟು ಸಂಜೆಯ ಬಸ್ಸಿಗೆ ಕೊಪ್ಪಳಕ್ಕೆ ಹೋಗುತ್ತೇನೆ.

ನಿಮ್ಮ
ಲಲಿತಾ

*

ತಾವರಗೇರಾ
3 ಮಾರ್ಚ್ 1999

ಲಲಿತಾಗೆ.

ಹೂಂ.

ಪಟ್ಟಿ ನಿನ್ನೆ ಬಿಚ್ಚಿದರು.

ಗಾಳೆಮ್ಮ

*

ಭಾಗ್ಯನಗರ
9 ಮಾರ್ಚ್ 1999

ಅತ್ತೆಯವರಿಗೆ ನಮಸ್ಕಾರ.

ಈ ಪತ್ರವನ್ನು ನಿಮ್ಮೂರಿನ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದೇನೆ. ಇವತ್ತು ಇಡೀ ದಿನ ಪಾಠೋಪಕರಣ ಮಾಡುವ ವಿಷಯ ಹೇಳಿದರು. ನಾನು ಒಂದು ಅಕ್ಷರವೂ ಕೇಳಲಿಲ್ಲ. ಎದೆ ಕಟ್ಟಿಕೊಂಡು ಜ್ವರ ಬಂದ ಹಾಗೆ ಇದೆ. ಉಂಡನೇ? ಅಳುತ್ತಿದ್ದಾನೆಯೇ? ಇದ್ದದ್ದು ಇದ್ದ ಹಾಗೆ ಬರೆಯಿರಿ. ಉಪವಾಸ ಇದ್ದರೆ ತರಬೇತಿ ಬಿಟ್ಟು ಬಂದುಬಿಡುತ್ತೇನೆ.

ಲಲಿತಾ

*

ತಾವರಗೇರಾ
11 ಮಾರ್ಚ್ 1999

ಲಲಿತಾಗೆ ಆಶೀರ್ವಾದ.

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಬಲಗೈಯಲ್ಲೇ ಬರೆಯುತ್ತಿದ್ದೇನೆ. ಬೆರಳು ಇನ್ನೂ ಬಿಗಿ ಇವೆ. ಆದರೂ ಅಕ್ಷರ ನೋಡು, ನನ್ನವೇ.

ಸೋಮವಾರ ಯಜಮಾನರು ಏನೂ ಉಣ್ಣಲಿಲ್ಲ. ತಟ್ಟೆ ಮುಂದೆ ಇಟ್ಟರೆ ಬಾಗಿಲ ಕಡೆ ನೋಡಿದರು. ಬಟ್ಟಲಿನಿಂದ ನಾಲ್ಕು ಗುಟುಕು ಎಮ್ಮೆಯ ಹಾಲು ಕುಡಿದರು, ಅಷ್ಟೇ. ಸಂಜೆ ಅತ್ತರು. ಮಾರೆವ್ವ ಬಂದು ಕಾಲ ಮೇಲೆ ಹಾಕಿ ಗಂಜಿ ಸುರಿದುಬಿಡೋಣ ಎಂದಳು. ನಾನು ಬೇಡವೆಂದೆ. ಕೂಸು ಸತ್ತುಗಿತ್ತೀತು ಎಂದಳು. ಆದರೂ ಬೇಡವೆಂದೆ.

ಮಂಗಳವಾರ ಬೆಳಿಗ್ಗೆ ನಾನು ಅವರನ್ನು ಉಣ್ಣಿಸುವ ವಿಚಾರವನ್ನೇ ಬಿಟ್ಟು ನನ್ನ ತಟ್ಟೆ ಹಾಕಿಕೊಂಡು ಕುಳಿತೆ. ನುಚ್ಚು, ಮೊಸರು, ಬೇಯಿಸಿದ ಬದನೆಕಾಯಿ. ಅವರ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಅಂಬೆಗಾಲಿಟ್ಟು ಬಂದು ತಟ್ಟೆಯ ಅಂಚು ಹಿಡಿದು ಕುಳಿತರು. ನುಚ್ಚಿನೊಳಗೆ ಎಡಗೈ ಇಳಿಯಿತು. ಆಮೇಲೆ ನನಗೆ ಉಳಿದದ್ದು ಕಡಿಮೆ. ನಿನ್ನೆ ಮೂರು ಹೊತ್ತು ಉಂಡರು. ಬಾಗಿಲ ಕಡೆ ಈಗಲೂ ನೋಡುತ್ತಾರೆ, ಉಣ್ಣುತ್ತಲೇ ನೋಡುತ್ತಾರೆ.

ಇವತ್ತಿನದು ಬೇರೆ ಸಂಗತಿ. ಮಾರೆವ್ವನ ಮಗಳ ಕುಬಸ ಇತ್ತು. ಬಸುರಿಗೆ ಉಡಿ ತುಂಬಿದ ಮೇಲೆ ಹೆಣ್ಣುಮಕ್ಕಳೆಲ್ಲ ಸಾಲಾಗಿ ಊಟಕ್ಕೆ ಕುಳಿತೆವು. ಹೋಳಿಗೆ, ಕಡಬು, ಅನ್ನ. ಯಜಮಾನರನ್ನು ನನ್ನ ಬಲಕ್ಕೆ ಕೂಡಿಸಿ ಮುಂದೆ ಒಂದು ಸಣ್ಣ ಎಲೆ ಹಾಕಿಸಿದೆ. ಹೋಳಿಗೆ ಹಾಕುತ್ತ ಬಂದ ಮಾರೆವ್ವ ಅವರ ಎಡಗೈ ಎಲೆಗೆ ಹೋದದ್ದನ್ನು ನೋಡಿದಳು. ಬುಟ್ಟಿ ಕೆಳಗಿಟ್ಟು, ಆ ಕೈ ಹಿಂದಕ್ಕೆ ಹಿಡಿದು, ತನ್ನ ಕೈಯಿಂದ ತುತ್ತು ಬಾಯಿಗೆ ಒತ್ತಿದಳು. ಯಜಮಾನರು ಬಾಯಿ ಮುಚ್ಚಿ ಮುಖ ತಿರುಗಿಸಿದರು. ಇನ್ನೊಮ್ಮೆ ಒತ್ತಿದಳು. ಅಳತೊಡಗಿದರು. ಸಾಲೆಲ್ಲ ನಮ್ಮ ಕಡೆ ತಿರುಗಿತು.

"ಅವ್ವ ಸಾಲಿ ಅಕ್ಕೋರು. ಊರ ಮಕ್ಕಳಿಗೆ ಕಲಸ್ತಾಳ, ತನ್ನ ಮಗಗ ಉಣ್ಣೂ ಕೈ ಯಾವ್ದಂತ ಕಲಿಸಿಲ್ಲ" ಎಂದಳು ಮಾರೆವ್ವ. ಇಬ್ಬರು ನಕ್ಕರು.

ನಾನು ಅವಳ ಮಣಿಕಟ್ಟು ಹಿಡಿದು ಬಿಡಿಸಿದೆ. ಹೋಳಿಗೆಯನ್ನು ತುಪ್ಪದಲ್ಲಿ ಮೆತ್ತಗೆ ಮಾಡಿ ಅವರ ಎಲೆಗೆ ಇಟ್ಟೆ. ಬಳಿಕ ನನ್ನ ಎಲೆಗೆ ಎಡಗೈ ಹಾಕಿ ಉಣ್ಣತೊಡಗಿದೆ.

ಮಾರೆವ್ವ ನಿಂತೇ ಇದ್ದಳು. "ಯಕ್ಕಾ, ನಿನ್ನ ಪಟ್ಟಿ ಬಿಚ್ಯಾರಲ್ಲ? ಬಲಗೈ ಆರಾಮ ಐತಲ್ಲ?"

"ಐತಿ" ಎಂದೆ.

"ಮತ್ತ ಎಡಗೈಲೆ ಯಾಕ ಉಣ್ಣಾಕತ್ತಿ?"

"ಯಜಮಾನ್ರು ಹೆಂಗ ಉಣ್ತಾರೋ ಹಂಗ ಉಣ್ಣಾಕತ್ತೀನಿ. ನಾಕು ಮಂದ್ಯಾಗ ಅವ್ರನ್ನ ಒಬ್ರನ್ನ ಬಿಟ್ಟು ಉಣ್ಣಂದ್ರ ಹೆಂಗ ಉಣ್ಣಲಿ?"

ಯಾರೋ ಮುದುಕಿ ಕಿಸಕ್ಕೆಂದಳು. ಆಮೇಲೆ ಇಡೀ ಸಾಲು ನಕ್ಕಿತು. ಈ ಸಲದ ನಗು ಬೇರೆ. ಮಾರೆವ್ವ ಏನೋ ಗೊಣಗಿ ಬುಟ್ಟಿ ಎತ್ತಿಕೊಂಡಳು. ಒಂದು ಹೆಜ್ಜೆ ಹೋದವಳು ತಿರುಗಿ ಬಂದು ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಹೋದಳು. ಅವಳು ಕೆಟ್ಟವಳಲ್ಲ. ಅವಳ ಕೈಗೆ ಅವಸರ.

ಅಳು ನಿಂತ ಮೇಲೆ ಯಜಮಾನರು ಹೋಳಿಗೆ ಹಿಡಿದು ಉಂಡರು. ಮೂಗಿಗೆ, ಕಿವಿಗೆ, ಎದೆಗೆ ಹೂರಣ. ಹೊಟ್ಟೆ ತುಂಬಿರಬೇಕು, ಉಳಿದ ಚೂರನ್ನು ತಿರುಗಿಸಿ ನೋಡಿದರು. ನಂತರ ನನ್ನ ಕಡೆ ಬಾಗಿ ಅದನ್ನು ನನ್ನ ಬಾಯಿಗೆ ಹಿಡಿದರು. ಎರಡು ತಿಂಗಳಿಂದ ಯಾರ ಕೈಯ ತುತ್ತೂ ಬೇಡವೆಂದು ಬಾಯಿ ಮುಚ್ಚಿದ ಹೆಂಗಸು ನಾನು. ಬಾಯಿ ತೆರೆದೆ. ಚೂರನ್ನು ಒತ್ತಿ, ಕೈ ಹಿಂದೆಗೆದು, ನಾನು ನುಂಗುವವರೆಗೆ ಕಾದರು. ನುಂಗಿದ ಮೇಲೆ ಇನ್ನೊಂದು ಚೂರಿಗಾಗಿ ಎಲೆಯಲ್ಲಿ ಹುಡುಕಿದರು. ಉಣ್ಣಿಸುವುದು ಹೇಗೆಂದು ಆ ಸಾಲಿನಲ್ಲಿ ತಿಳಿದವರು ಅವರೊಬ್ಬರೇ.

ಜ್ವರಕ್ಕೆ ಗುಳಿಗೆ ತೆಗೆದುಕೋ. ಹಾಲು ಹಿಂಡಿ ಎದೆ ಸಡಿಲ ಮಾಡಿಕೋ. ಪಾಠೋಪಕರಣ ಎಂದರೆ ಏನೆಂದು ಕೇಳಿ ತಿಳಿದುಕೊಂಡು ಬಾ. ಒಂದು ದಿನವೂ ತಪ್ಪಿಸಬೇಡ. ಶನಿವಾರ ಮಧ್ಯಾಹ್ನದ ಬಸ್ಸಿಗೆ ನಾನೇ ಯಜಮಾನರನ್ನು ಕರೆದುಕೊಂಡು ಭಾಗ್ಯನಗರಕ್ಕೆ ಬರುತ್ತೇನೆ. ಅವರು ನಿನ್ನ ಹತ್ತಿರವೇ ಇರತಕ್ಕದ್ದು, ನೀನು ನಿನ್ನ ಶಾಲೆಯಲ್ಲಿ ಇರತಕ್ಕದ್ದು. ಇಲ್ಲಿ ಬಿಡುವ ಮಾತನ್ನು ಇನ್ನು ಯಾರೂ ಎತ್ತುವುದಿಲ್ಲ, ನಾನು ಮೊದಲು ಮಾಡಿ.

ನಾವು ಬಸ್ಸಿನಿಂದ ಇಳಿದ ಕೂಡಲೇ ಅವರನ್ನು ಎದೆಗೆ ಎಳೆದುಕೊಳ್ಳಬೇಡ, ಸ್ವಲ್ಪ ತಡೆ. ಅವರ ಕೈಯಲ್ಲಿ ನಿನಗಾಗಿ ಏನಾದರೂ ಇರಬಹುದು.

ಗಾಳೆಮ್ಮ